ಗಾಜಿನ ಚೂರುಗಳ ಚಿತ್ರಕಲೆ



ಮೊಸಾಯಿಕ್ ಎಂದೊಡನೆ ನಮ್ಮ ಪಟ್ಟಣವಾಸಿಗಳ ನೆನಪಿಗೆ ಮೊದಲು ಬರುವುದು ಮನೆಯ ನೆಲ. ಅಮೃತಶಿಲೆಯ ಹರಳುಗಳನ್ನು ಸಿಮೆಂಟಿನಲ್ಲಿ ಕಲಸಿ ಹರಡಿ, ಅದು ಗಟ್ಟಿಯಾದ ಮೇಲೆ ಉಜ್ಜಿ ನುಣುಪು ಮಾಡಿದ ಆ ನೆಲವನ್ನು ಮೊಸಾಯಿಕ್ ಎಂದು ಕರೆಯುವುದು ನಮ್ಮಲ್ಲಿ ರೂಢಿಯಾಗಿದೆ. ಬಲ್ಲವರು ಅದಕ್ಕೆ ಹೇಳುವ ಹೆಸರು ಟೆರಾಜೊ. ಅಲ್ಲಿ ಹರಳು ಬಿದ್ದ ಕಡೆ ಬಿದ್ದಿರುತ್ತದೆ. ಯಾವುದು ಎಲ್ಲಿ ಕೂರಬೇಕೆಂದು ಯಾರೂ ಗೊತ್ತುಮಾಡಿರುವುದಿಲ್ಲ. ನಾನು ಈ ಹೊತ್ತು ಹೇಳಹೊರಟಿರುವ ಕಲೆಯಲ್ಲಾದರೋ, ಒಂದೊಂದು ಚೂರನ್ನೂ ಕೈಯಿಂದ ಆರಿಸಿ, ಬೇಕಾದ ಆಕಾರಕ್ಕೆ ಕತ್ತರಿಸಿ, ಗೊತ್ತಾದ ಸ್ಥಳದಲ್ಲಿಯೇ ಕೂರಿಸಬೇಕು. ಹೀಗೆ ಬಣ್ಣದ ಗಾಜಿನ ಚೂರುಗಳಿಂದ ಚಿತ್ರವನ್ನು ಕಟ್ಟುವುದನ್ನು, ಚಿತ್ರ ಬರೆಯುವ ಅಭ್ಯಾಸವಿಲ್ಲದವರೂ ಮನೆಯಲ್ಲಿಯೇ ಹೇಗೆ ಕಲಿಯಬಹುದೆಂಬುದೇ ಈ ಭಾಷಣದ ವಿಷಯ.

ಈ ಕಲೆ ಮೊದಲು ಹುಟ್ಟಿದ್ದು ಗಾಜಿನಲ್ಲಿ ಅಲ್ಲ, ಕಲ್ಲಿನಲ್ಲಿ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಗ್ರೀಕರು ಮ್ಯಾಸಿಡೋನಿಯದ ಪೆಲ್ಲಾ ನಗರದ ಮನೆಗಳಲ್ಲಿ ಹೊಳೆಯ ಉರುಟುಗಲ್ಲುಗಳನ್ನು ಜೋಡಿಸಿ ಬೇಟೆಯ ಚಿತ್ರಗಳುಳ್ಳ ನೆಲಗಳನ್ನು ಮಾಡಿದ್ದರು. ತರುವಾಯ ಕಲ್ಲನ್ನು ಸಣ್ಣ ಘನಗಳಾಗಿ ಕಡಿದು ಬಳಸುವ ಪದ್ಧತಿ ಬಂದಿತು. ಗಾಜಿಗೆ ಕಾಲ್ತುಳಿತವನ್ನು ತಾಳುವ ಶಕ್ತಿ ಕಡಮೆಯಾದ್ದರಿಂದ ಅದು ನೆಲವನ್ನು ಬಿಟ್ಟು ಗೋಡೆಗೂ ಕಮಾನಿಗೂ ಕಾರಂಜಿಗೂ ಏರಿತು. ೭೯ನೆಯ ಇಸವಿಯಲ್ಲಿ ಬೆಂಕಿಬೆಟ್ಟದ ಬೂದಿಯಲ್ಲಿ ಹೂತುಹೋದ ಪಾಂಪೆ ಪಟ್ಟಣದಲ್ಲಿ ಗಾಜಿನ ಚೂರುಗಳನ್ನೂ ಕಡಲ ಚಿಪ್ಪುಗಳನ್ನೂ ಹೊದಿಸಿದ ಕಾರಂಜಿಗಳು ಈಗಲೂ ನೋಡಸಿಗುತ್ತವೆ. ಇಟಲಿಯ ರಾವೆನ್ನಾ ನಗರದಲ್ಲಿ ೫೪೭ರಲ್ಲಿ ಪ್ರತಿಷ್ಠೆಯಾದ ಸಾನ್ ವಿತಾಲೆ ಎಂಬ ಇಗರ್ಜಿಯ ಗೋಡೆಗಳ ಮೇಲೆ ಚಕ್ರವರ್ತಿ ಜಸ್ಟಿನಿಯನ್ನನೂ ರಾಣಿ ಥಿಯೊಡೋರಳೂ ತಮ್ಮ ಪರಿವಾರದೊಡನೆ ನಿಂತಿದ್ದಾರೆ. ಸುಮಾರು ಒಂದೂವರೆ ಸಾವಿರ ವರ್ಷ ಕಳೆದಿದ್ದರೂ ಅವರ ಉಡುಪಿನ ನೇರಳೆಯೂ ಹಿನ್ನೆಲೆಯ ಹೊನ್ನೂ ಮಾಸಿಲ್ಲ.

ಮಾಸದಿರುವುದಕ್ಕೆ ಕಾರಣವುಂಟು. ಬಣ್ಣವನ್ನು ಇಲ್ಲಿ ಮೇಲೆ ಬಳಿದಿರುವುದಿಲ್ಲ. ಮರಳು, ಸೋಡ, ಸುಣ್ಣ ಇವು ಕುಲುಮೆಯಲ್ಲಿ ಕರಗಿ ಗಾಜಾಗುವಾಗಲೇ ಲೋಹದ ಅಂಶವೊಂದು ಅದರೊಳಗೆ ಬೆರೆತು ಬಣ್ಣವನ್ನು ಕೊಡುತ್ತದೆ. ಕೋಬಾಲ್ಟಿನಿಂದ ಕಡುನೀಲಿ, ತಾಮ್ರದಿಂದ ಹಸಿರುನೀಲಿ, ಮ್ಯಾಂಗನೀಸಿನಿಂದ ನೇರಳೆ, ಕಬ್ಬಿಣದಿಂದ ಹಸಿರು ಬರುತ್ತವೆ. ಹೊನ್ನಿನ ಚೂರಿನಲ್ಲಿ ದಪ್ಪನೆಯ ಗಾಜಿಗೂ ಅದರ ಮೇಲಿನ ಬಹು ತೆಳುವಾದ ಗಾಜಿನ ಪೊರೆಗೂ ನಡುವೆ ಚಿನ್ನದ ರೇಕು ಸೇರಿರುತ್ತದೆ. ಗಾಳಿಯೂ ಕೈಯೂ ಅದನ್ನು ಮುಟ್ಟಲಾರವು. ಆದಕಾರಣ ಗಾಜಿನ ಚಿತ್ರ ಕೆಡುವುದು ಬಣ್ಣಗೆಟ್ಟಲ್ಲ, ಚೂರು ಕಳಚಿಬಿದ್ದು. ಈ ಮಾತನ್ನು ಹೊಸಬರು ಮೊದಲೇ ಮನಸ್ಸಿನಲ್ಲಿಡಬೇಕು. ಅವರು ಮಾಡುವ ಕೆಲಸ ಒಂದು ಮಳೆಗಾಲವನ್ನು ಕಾಣುವುದೋ ಮೊಮ್ಮಕ್ಕಳ ಕಾಲದವರೆಗೆ ಬಾಳುವುದೋ ಎಂಬುದು ಗಾಜನ್ನಲ್ಲ, ಗಾಜಿನ ಹಿಂದೆ ಇರುವುದನ್ನು ಅವಲಂಬಿಸಿದೆ.

ಗಾಜಿನ ಕಲೆಯೆಂದರೆ ಕಿಟಕಿಗೂ ಚಾವಣಿಗೂ ಕೂರಿಸುವ ಬಣ್ಣದ ಗಾಜು ಎಂದು ಕೆಲವರು ತಿಳಿಯುವುದುಂಟು. ೧೯೧೨ರಲ್ಲಿ ಮುಗಿದ ಮೈಸೂರಿನ ಅಂಬಾವಿಲಾಸ ಅರಮನೆಯ ಕಲ್ಯಾಣ ಮಂಟಪದಲ್ಲಿ ತಲೆಯೆತ್ತಿ ನೋಡಿದರೆ ನವಿಲುಗಳ ಚಿತ್ರವುಳ್ಳ ಅಂತಹ ಚಾವಣಿಯನ್ನು ಕಾಣಬಹುದು. ಅಲ್ಲಿ ಬೆಳಕು ಗಾಜನ್ನು ಹಾಯ್ದು ನಮ್ಮ ಕಡೆಗೆ ಇಳಿಯುತ್ತದೆ. ಮೊಸಾಯಿಕ್ ಚಿತ್ರದಲ್ಲಿ ಹಾಗಲ್ಲ. ಬೆಳಕು ನಮ್ಮ ಕಡೆಯಿಂದ ಹೋಗಿ ಚೂರಿಗೆ ತಾಕಿ ನಮ್ಮ ಕಡೆಗೇ ಹಿಂದಿರುಗುತ್ತದೆ. ಒಂದೊಂದು ಚೂರು ಒಂದೊಂದು ಪುಟ್ಟ ಕನ್ನಡಿ. ಬೈಜಾಂಟಿಯಮ್ಮಿನ ಕಸಬುದಾರರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದು, ಹೊನ್ನಿನ ಚೂರುಗಳನ್ನು ಗಾರೆಯಲ್ಲಿ ತುಸು ತುಸು ಓರೆಯಾಗಿ ಒತ್ತುತ್ತಿದ್ದರು. ನೋಡುವವನು ಎರಡು ಹೆಜ್ಜೆ ನಡೆದರೆ ಗೋಡೆಯ ಹೊಳಪೂ ಅವನೊಡನೆ ನಡೆಯುತ್ತದೆ.

ಇದರಿಂದ ಒಂದು ಮುಖ್ಯವಾದ ವಿಷಯ ಹೊರಡುತ್ತದೆ. ಬೀಟೆಯ ಮರದಲ್ಲಿ ಬೇರೆ ಬಣ್ಣದ ಮರದ ತುಣುಕುಗಳನ್ನು ಕೂರಿಸುವ ಮೈಸೂರಿನ ಕೆಲಸವನ್ನು ನೀವೆಲ್ಲರೂ ನೋಡಿದ್ದೀರಿ. ಅಲ್ಲಿ ಕೂದಲೆಳೆಯಷ್ಟೂ ಸಂದು ಕಾಣದ ಹಾಗೆ ಕೂರಿಸುವುದೇ ಕುಶಲತೆ. ಹೊಸಬರು ಅದೇ ನ್ಯಾಯವನ್ನು ಗಾಜಿಗೂ ಹಚ್ಚಿ, ಚೂರುಗಳನ್ನು ಒಂದಕ್ಕೊಂದು ಒತ್ತಿ ಕೂರಿಸಲು ಹೆಣಗುತ್ತಾರೆ. ಸಂದು ಬಿದ್ದ ಕಡೆ ಕಡಲೆಬೇಳೆಗಿಂತಲೂ ಚಿಕ್ಕ ಚೂರುಗಳನ್ನು ತುರುಕುತ್ತಾರೆ. ಹೀಗೆ ಮಾಡಿದ ಚಿತ್ರ ಹತ್ತಿರದಿಂದ ಗೊಂದಲವಾಗಿಯೂ ದೂರದಿಂದ ಮಂಕಾಗಿಯೂ ಕಾಣುತ್ತದೆ. ಮೊಸಾಯಿಕ್ ಚಿತ್ರದಲ್ಲಿ ಸಂದು ದೋಷವಲ್ಲ. ಅದೇ ಚಿತ್ರದ ಗೆರೆ. ಸಂದುಗಳು ಯಾವ ಕಡೆಗೆ ಹರಿಯುತ್ತವೆಯೋ ನೋಡುವವರ ಕಣ್ಣೂ ಆ ಕಡೆಗೆ ಹರಿಯುತ್ತದೆ. ಆದ್ದರಿಂದ ಈ ಕಲೆಯನ್ನು ಕಲಿಯುವುದೆಂದರೆ ಬಹುಮಟ್ಟಿಗೆ ಸಂದನ್ನು ಆಳುವುದನ್ನು ಕಲಿಯುವುದು. ಮುಂದೆ ಹೇಳುವ ಕ್ರಮವೆಲ್ಲ ಈ ಒಂದು ಮಾತಿಗೆ ಸೇರಿದ್ದು.

ಮೊದಲು ಸಾಮಗ್ರಿ. ವೆನಿಸ್ಸಿನ ಪ್ರಾಂತದಲ್ಲಿ ಈ ಕೆಲಸಕ್ಕೆಂದೇ ಎರಕಹೊಯ್ದು ಕಡಿಯುವ ಸ್ಮಾಲ್ಟಿ ಎಂಬ ಗಾಜು ಬಹಳ ಬೆಲೆಯದು. ಕಲಿಯುವವರಿಗೆ ಅದು ಬೇಡ. ಸ್ನಾನದ ಮನೆಗಳ ಗೋಡೆಗೂ ಈಜುಕೊಳಗಳಿಗೂ ಹಚ್ಚುವ ಗಾಜಿನ ಬಿಲ್ಲೆಗಳು ಸಾಕು. ಅವು ಸಾಮಾನ್ಯವಾಗಿ ೨೦ ಮಿಲಿಮೀಟರು ಚೌಕವಾಗಿ ೪ ಮಿಲಿಮೀಟರು ದಪ್ಪವಾಗಿದ್ದು, ಹಿಂಬದಿಯಲ್ಲಿ ಅಂಟು ಹಿಡಿಯುವಂತೆ ಗೀರುಗಳಿರುತ್ತವೆ. ಮೊದಲನೆಯ ಕೆಲಸಕ್ಕೆ ನಾಲ್ಕೈದು ಬಣ್ಣಗಳು ಧಾರಾಳವಾಗಿ ಸಾಲುತ್ತವೆ. ಅವುಗಳಲ್ಲಿ ಒಂದಾದರೂ ಬಹು ತಿಳಿಯಾಗಿ, ಒಂದಾದರೂ ಬಹು ಗಾಢವಾಗಿ ಇರಬೇಕು. ಎಲ್ಲವೂ ನಡುಬಣ್ಣಗಳಾದರೆ ಹೂವು ಹಿನ್ನೆಲೆಯಲ್ಲಿ ಮುಳುಗಿಹೋಗುತ್ತದೆ.

ಮನೆಯಲ್ಲಿ ಸಿಕ್ಕುವ ಗಾಜೂ ಪ್ರಯೋಜನಕ್ಕೆ ಬರುವುದು, ಅದರಲ್ಲಿಯೂ ಬಳೆಯ ಚೂರು. ನಮ್ಮ ಹೆಂಗಸರು ಬಳೆ ಒಡೆಯಿತು ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಬಳೆ ಹೆಚ್ಚಿತು ಎನ್ನುತ್ತಾರೆ. ಈ ಕಲೆಯ ಮಟ್ಟಿಗೆ ಆ ಮಾತು ಅಕ್ಷರಶಃ ಸತ್ಯ. ಬಳೆಯ ಚೂರು ಹುಟ್ಟಿನಿಂದಲೇ ಬಾಗಿರುವುದರಿಂದ ಎಸಳಿನ ಅಂಚಿಗೂ ಬಳ್ಳಿಯ ಸುಳಿಗೂ ಕತ್ತರಿಸದೆಯೇ ಒಗ್ಗುತ್ತದೆ. ಆದರೆ ಬಳೆ ಗುಂಡಾಗಿರುವುದರಿಂದ ಕೆಳಗಿನ ಅಂಟು ಅದರ ಅರ್ಧದವರೆಗಾದರೂ ಏರಿ ಹಿಡಿದುಕೊಳ್ಳಬೇಕು. ಇಲ್ಲವಾದರೆ ಅದು ಬೆರಳು ತಗಲಿದೊಡನೆ ಕಿತ್ತುಬರುವುದು.

ಎರಡನೆಯದು, ಆಧಾರ. ಮನೆಯೊಳಗೆ ಗೋಡೆಗೆ ತೂಗುಹಾಕುವ ಚಿತ್ರಕ್ಕೆ ೧೨ ಮಿಲಿಮೀಟರು ದಪ್ಪದ ಪ್ಲೈವುಡ್ ಹಲಗೆ ತಕ್ಕದ್ದು. ಅದನ್ನು ಉಜ್ಜುಕಾಗದದಿಂದ ತಿಕ್ಕಿ, ಮರಗೆಲಸದವರು ಬಳಸುವ ಬಿಳಿಯ ಅಂಟಿಗೆ ನೀರು ಬೆರೆಸಿ ಎರಡು ಮುಖಕ್ಕೂ ಅಂಚುಗಳಿಗೂ ಬಳಿದು ಒಣಗಿಸಬೇಕು. ಒಂದೇ ಮುಖಕ್ಕೆ ಬಳಿದರೆ ಹಲಗೆ ಸೊಟ್ಟಗಾಗುವ ಸಂಭವವುಂಟು. ನೀರೂ ಮಳೆಯೂ ತಗಲುವ ಸ್ಥಳಕ್ಕೆ ಮರ ಸರ್ವಥಾ ಕೂಡದು. ಮರ ನೀರನ್ನು ಕುಡಿದು ಹಿಗ್ಗುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಗಾಜು ಇವೆರಡನ್ನೂ ಮಾಡುವುದಿಲ್ಲ. ಹೀಗೆ ಕೆಳಗಿನದು ಅಲುಗಿ ಮೇಲಿನದು ಅಲುಗದೆ ಇದ್ದಾಗ ನಡುವಿನ ಅಂಟು ಹರಿಯುತ್ತದೆ. ತೋಟದಲ್ಲಿಡುವ ಕೆಲಸಕ್ಕೆ ಸಿಮೆಂಟಿನ ಹಲಗೆಯನ್ನಾಗಲಿ ಗಟ್ಟಿಯಾದ ಸಿಮೆಂಟಿನ ಕುಂಡವನ್ನಾಗಲಿ ಆರಿಸಬೇಕು.

ಮೂರನೆಯದು, ಕತ್ತರಿಸುವ ಇಕ್ಕಳ. ಬಾಯಿಯಲ್ಲಿ ಎರಡು ಪುಟ್ಟ ಚಕ್ರಗಳಿರುವ ಇಕ್ಕಳವೇ ಇದಕ್ಕೆ ತಕ್ಕ ಉಪಕರಣ. ಬಿಲ್ಲೆಯನ್ನು ಪೂರ್ತಿಯಾಗಿ ಅದರ ಬಾಯಿಗೆ ತುಂಬುವುದು ಹೊಸಬರ ಸಹಜವಾದ ತಪ್ಪು. ಹಾಗೆ ಮಾಡಿದರೆ ಗಾಜು ಪುಡಿಯಾಗುತ್ತದೆ. ಬಿಲ್ಲೆಯ ಅಂಚನ್ನು ಮೂರು ಮಿಲಿಮೀಟರಿನಷ್ಟು ಮಾತ್ರ ಚಕ್ರಗಳ ನಡುವೆ ಇಟ್ಟು, ಚಕ್ರಗಳು ಬೇಕಾದ ಸೀಳಿನ ದಿಕ್ಕನ್ನು ನೋಡುವಂತೆ ಹಿಡಿದು, ಮೆಲ್ಲಗೆ ಒತ್ತಿದರೆ ಬಿರುಕು ತಾನಾಗಿಯೇ ಆಚೆಯ ಅಂಚಿಗೆ ಓಡುತ್ತದೆ. ಇಕ್ಕಳ ಗಾಜನ್ನು ಕೊಯ್ಯುವುದಿಲ್ಲ. ಬಿರುಕಿಗೆ ದಾರಿಯನ್ನು ಮಾತ್ರ ತೋರಿಸುತ್ತದೆ. ಬಿಲ್ಲೆಯನ್ನು ಅರ್ಧ ಮಾಡುವುದು, ಅರ್ಧವನ್ನು ಕಾಲು ಮಾಡುವುದು, ಚೌಕವನ್ನು ಮೂಲೆಯಿಂದ ಮೂಲೆಗೆ ಸೀಳಿ ತ್ರಿಕೋನ ಮಾಡುವುದು, ಇಷ್ಟನ್ನು ಐವತ್ತು ಬಿಲ್ಲೆಗಳ ಮೇಲೆ ಅಭ್ಯಾಸ ಮಾಡಿದರೆ ಕೈ ಪಳಗುತ್ತದೆ. ಕೆಟ್ಟ ಚೂರುಗಳನ್ನು ಎಸೆಯಬೇಕಾದ್ದಿಲ್ಲ. ಅವುಗಳಿಗೂ ಹಿನ್ನೆಲೆಯಲ್ಲಿ ಸ್ಥಳವುಂಟು.

ಇಲ್ಲಿ ಎಚ್ಚರಿಕೆಯ ಮಾತೊಂದನ್ನು ಹೇಳದೆ ಮುಂದುವರಿಯಲಾಗದು. ಕತ್ತರಿಸುವಾಗ ಸಿಡಿಯುವ ಚೂರು ಕಣ್ಣನ್ನೇ ಕಳೆಯಬಲ್ಲುದು. ಎರಡು ಪಕ್ಕವೂ ಮುಚ್ಚಿರುವ ಕಾಪಿನ ಕನ್ನಡಕವಿಲ್ಲದೆ ಇಕ್ಕಳವನ್ನು ಮುಟ್ಟಬಾರದು. ಕೈಗಳನ್ನು ಅಗಲವಾದ ಪೆಟ್ಟಿಗೆಯೊಳಗೆ ಇಟ್ಟು ಕತ್ತರಿಸಿದರೆ ಸಿಡಿದ ಚೂರು ಅಲ್ಲಿಯೇ ಉಳಿಯುತ್ತದೆ. ಮೇಜನ್ನು ಬರಿಗೈಯಿಂದ ಒರಸದೆ ಬ್ರಷ್ಷಿನಿಂದ ಗುಡಿಸಿ, ಅನಂತರ ಒದ್ದೆ ಬಟ್ಟೆಯಿಂದ ಒರಸಬೇಕು. ನಮ್ಮ ಮನೆಗಳಲ್ಲಿ ಬರಿಗಾಲಿನಲ್ಲಿ ಓಡಾಡುವ ಪದ್ಧತಿಯಿರುವುದರಿಂದ ಈ ಕೆಲಸಕ್ಕೆ ಒಂದು ಮೂಲೆಯನ್ನೇ ಬೇರೆಯಾಗಿ ಇಡುವುದು ಮೇಲು. ಅಡಿಗೆಯ ಮನೆಯಲ್ಲಿಯೂ ಮಕ್ಕಳು ಆಡುವ ಕಡೆಯಲ್ಲಿಯೂ ಗಾಜನ್ನು ಕತ್ತರಿಸಕೂಡದು. ಸಿಮೆಂಟಿನ ಪುಡಿಯನ್ನು ಕಲಸುವಾಗ ಮೂಗುಬಾಯಿಗೆ ಮುಸುಕನ್ನೂ ಕೈಗೆ ರಬ್ಬರಿನ ಚೀಲವನ್ನೂ ಹಾಕಿಕೊಳ್ಳಬೇಕು. ಒದ್ದೆ ಸಿಮೆಂಟು ಚರ್ಮವನ್ನು ಸುಡುತ್ತದೆ.

ಇನ್ನು ಚಿತ್ರದ ವಿಚಾರ. ಮೊದಲ ಕೆಲಸ ೨೦ ಸೆಂಟಿಮೀಟರು ಚೌಕವನ್ನು ಮೀರದಿರಲಿ. ಚಿಕ್ಕದೆಂದು ಕಾಣುವ ಈ ಚೌಕಕ್ಕೆ ಇಡೀ ಬಿಲ್ಲೆಗಳಾದರೆ ಎರಡು ಮಿಲಿಮೀಟರು ಸಂದು ಬಿಟ್ಟು ಸಾಲಿಗೆ ಒಂಬತ್ತರಂತೆ ಎಂಬತ್ತೊಂದು ಹಿಡಿಯುತ್ತವೆ. ಬಿಲ್ಲೆಯನ್ನು ನಾಲ್ಕು ಮಾಡಿಕೊಂಡರೆ ಮುನ್ನೂರರ ಹತ್ತಿರ ಚೂರುಗಳನ್ನು ಕೂರಿಸಬೇಕಾಗುವುದು. ಎರಡು ಮೂರು ಸಂಜೆಗಳ ಕೆಲಸಕ್ಕೆ ಇದು ಸಾಕು. ಮನುಷ್ಯನ ಮುಖವನ್ನಾಗಲಿ ದೇವರ ಮೂರ್ತಿಯನ್ನಾಗಲಿ ಮೊದಲೇ ಕೈಗೆತ್ತಿಕೊಳ್ಳಬೇಡಿ. ಒಂದು ಎಲೆ, ಒಂದು ಮೀನು, ಒಂದು ಮಾವಿನ ಕಾಯಿ ಸಾಕು. ಹೊಸಿಲ ಮುಂದೆ ರಂಗೋಲಿಯನ್ನು ಹಾಕಬಲ್ಲ ಕೈಗೆ ಇಷ್ಟು ರೇಖೆ ಕಷ್ಟವಲ್ಲ.

ಕೂರಿಸುವ ಕ್ರಮ ಹೀಗೆ. ಮೊದಲು ಮೀನಿನ ಹೊರಗೆರೆಯ ಒಳಮೈಗೆ ಹೊಂದಿಕೊಂಡು ಒಂದು ಸಾಲು ಚೂರುಗಳನ್ನಿಡಿ. ಅನಂತರ ಮೀನಿನ ಒಡಲನ್ನು ತುಂಬಿ. ಆಮೇಲೆ ಹಿನ್ನೆಲೆಯ ಬಣ್ಣದಲ್ಲಿ ಹೊರಗೆರೆಯನ್ನು ಸುತ್ತುವರಿದು ಒಂದು ಸಾಲನ್ನು ಇಡಿ. ಈ ಸುತ್ತುಸಾಲು ಎಲ್ಲಕ್ಕಿಂತ ಮುಖ್ಯವಾದದ್ದು. ಇದಿದ್ದರೆ ಮೀನು ಹಿನ್ನೆಲೆಯಿಂದ ಬೇರೆಯಾಗಿ ಎದ್ದು ಕಾಣುತ್ತದೆ. ಇಲ್ಲದಿದ್ದರೆ ಹಿನ್ನೆಲೆಯ ನೇರವಾದ ಸಾಲುಗಳು ಮೀನಿನ ಮೈಗೆ ಬಂದು ಚುಚ್ಚುತ್ತವೆ. ರೋಮಿನ ಕಾಲದ ಕಸಬುದಾರರೂ ಇದೇ ಕ್ರಮವನ್ನು ಅನುಸರಿಸಿದ್ದರು. ಸುತ್ತುಸಾಲು ಮುಗಿದ ಮೇಲೆ ಉಳಿದ ಹಿನ್ನೆಲೆಯನ್ನು ನೆಟ್ಟಗೆ ಅಡ್ಡಸಾಲುಗಳಲ್ಲಿ ತುಂಬಬಹುದು, ಇಲ್ಲವೇ ನೀರಿನ ಅಲೆಯಂತೆ ಬಳುಕಿಸಬಹುದು. ಒಂದೇ ಮೀನು, ಒಂದೇ ಬಣ್ಣದ ನೀರು. ಆದರೂ ನೆಟ್ಟಗಿನ ಸಾಲುಗಳಲ್ಲಿ ಅದು ನಿಶ್ಚಲವಾದ ಕೊಳದಲ್ಲಿರುವಂತೆಯೂ, ಬಳುಕಿದ ಸಾಲುಗಳಲ್ಲಿ ಹೊಳೆಯಲ್ಲಿ ಈಜುವಂತೆಯೂ ತೋರುವುದು. ಸಾಲುಗಳ ಈ ಗತಿಯನ್ನು ಇಟಲಿಯವರು ಅಂದಮೆಂತೊ ಎನ್ನುತ್ತಾರೆ. ನಾವು ನಡೆ ಎನ್ನಬಹುದು. ಬಣ್ಣದ ಆಯ್ಕೆಯಲ್ಲಿ ತುಸು ಎಡವಿದರೂ ನಡೆ ಸರಿಯಾಗಿದ್ದರೆ ಚಿತ್ರ ನಿಲ್ಲುತ್ತದೆ. ನಡೆ ತಪ್ಪಿದರೆ ಎಷ್ಟು ಬೆಲೆಯ ಗಾಜೂ ಅದನ್ನು ಉಳಿಸಲಾರದು. ಅಂಟು ಹಾಕುವುದಕ್ಕೆ ಮುಂಚೆ ಚೂರುಗಳನ್ನು ಒಣಗಿದ ಹಲಗೆಯ ಮೇಲೆಯೇ ಜೋಡಿಸಿ, ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡುವುದು ಒಳ್ಳೆಯ ಅಭ್ಯಾಸ.

ಮನೆಯೊಳಗಿನ ಚಿತ್ರಕ್ಕೆ ಮೇಲೆ ಹೇಳಿದ ಬಿಳಿಯ ಅಂಟೇ ಸಾಕು. ನೀರು ತಗಲುವ ಕಡೆಗೆ ಟೈಲ್ಸ್ ಅಂಗಡಿಗಳಲ್ಲಿ ಸಿಕ್ಕುವ ಸಿಮೆಂಟಿನ ಅಂಟುಪುಡಿಯನ್ನು ಬಳಸಬೇಕು. ಬೆಳಕು ಹಾಯುವ ಗಾಜಾದರೆ ಬಿಳಿಯ ಪುಡಿಯನ್ನೇ ಕೊಳ್ಳತಕ್ಕದ್ದು. ಬೂದುಬಣ್ಣದ್ದು ಹಿಂದಿನಿಂದ ತೋರಿ ಬಣ್ಣವನ್ನು ಮಂಕುಮಾಡುವುದು. ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ತುಂಬಬಹುದಾದಷ್ಟು ಸ್ಥಳಕ್ಕೆ ಮಾತ್ರ ಅಂಟನ್ನು ಹರಡಿ, ಚೂರಿನ ದಪ್ಪದ ಅರ್ಧಕ್ಕಿಂತ ಮೇಲೆ ಅದು ಸಂದಿನಲ್ಲಿ ಉಕ್ಕದಂತೆ ಒತ್ತಬೇಕು. ಇಟ್ಟಿಗೆಯಾಗಲಿ ಮಣ್ಣಿನ ಬಿಲ್ಲೆಯಾಗಲಿ ಅಂಟನ್ನು ತನ್ನೊಳಕ್ಕೆ ಸ್ವಲ್ಪ ಹೀರಿಕೊಂಡು ಬೇರುಬಿಡುತ್ತದೆ. ಗಾಜು ಏನನ್ನೂ ಹೀರುವುದಿಲ್ಲ. ಅದರ ಹಿಡಿತವೆಲ್ಲ ಮೇಲ್ಮೈಯಲ್ಲಿಯೇ. ಆದ್ದರಿಂದ ಚೂರಿನ ಬೆನ್ನು ಎಣ್ಣೆಯೂ ಧೂಳೂ ಇಲ್ಲದೆ ಶುದ್ಧವಾಗಿರಬೇಕು, ಬೆನ್ನಿನ ಎಲ್ಲ ಭಾಗಕ್ಕೂ ಅಂಟು ತಾಕಿರಬೇಕು. ಕಳಚಿಬಿದ್ದ ಕೆಲಸಗಳನ್ನು ಪರೀಕ್ಷಿಸಿದರೆ ಬಹುಮಟ್ಟಿಗೆ ಈ ಎರಡರಲ್ಲಿ ಒಂದು ತಪ್ಪಿರುವುದೇ ಕಾಣುತ್ತದೆ.

ದೊಡ್ಡ ಗೋಡೆಗಳಿಗೆ ಬೇರೊಂದು ವಿಧಾನವುಂಟು. ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ಮಾಡಿ ದಪ್ಪ ಕಾಗದದ ಮೇಲೆ ಬರೆದು, ಚೂರುಗಳ ಮುಖವನ್ನು ಕೆಳಕ್ಕೆ ಮಾಡಿ ಮೈದಾ ಹಿಟ್ಟಿನ ಸರಿಯಿಂದ ಅದರ ಮೇಲೆ ಅಂಟಿಸುತ್ತಾರೆ; ಅನಂತರ ಕಾಗದವನ್ನು ತುಂಡುಗಳಾಗಿ ಕತ್ತರಿಸಿ ಗೋಡೆಯ ಹಸಿ ಗಾರೆಗೆ ಒತ್ತಿ, ಗಾರೆ ಬಿಗಿದ ಮೇಲೆ ಕಾಗದವನ್ನು ನೆನೆಸಿ ಸುಲಿಯುತ್ತಾರೆ. ೧೮೭೫ರಲ್ಲಿ ಪ್ರಾರಂಭವಾದ ಪ್ಯಾರಿಸ್ಸಿನ ಒಪೇರಾ ನಾಟ್ಯಶಾಲೆಯ ಮೊಸಾಯಿಕ್ಕುಗಳನ್ನು ಫಾಕಿನಾ ಎಂಬ ಇಟಲಿಯ ಕಸಬುದಾರನು ಈ ರೀತಿಯಲ್ಲಿ ಮಾಡಿದನು. ಕೆಲಸ ಬೇಗ ಮುಗಿಯುವುದು, ಮೇಲ್ಮೈ ಸಮತಟ್ಟಾಗುವುದು, ಇವು ಇದರ ಲಾಭ. ಚೂರುಗಳನ್ನು ಓರೆಯಾಗಿಟ್ಟು ಪಡೆಯುವ ಮಿನುಗು ಇಲ್ಲವಾಗುವುದು ಇದರ ನಷ್ಟ. ಕಲಿಯುವವರು ತಾವು ಮಾಡುತ್ತಿರುವುದನ್ನು ಕಣ್ಣೆದುರಿಗೇ ನೋಡುತ್ತ ನೇರವಾಗಿ ಕೂರಿಸುವುದೇ ಉತ್ತಮ.

ಒಂದು ಹಗಲೂ ಒಂದು ರಾತ್ರಿಯೂ ಕಳೆದ ಮೇಲೆ ಸಂದುಗಳಿಗೆ ಗಾರೆಯನ್ನು ತುಂಬಬೇಕು. ಅಂಗಡಿಯವರು ಇದನ್ನು ಗ್ರೌಟ್ ಎನ್ನುತ್ತಾರೆ. ಪುಡಿಗೆ ನೀರನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿ ಗಟ್ಟಿ ಚಟ್ನಿಯ ಹದಕ್ಕೆ ಕಲಸಿ, ರಬ್ಬರಿನ ಹಲಗೆಯಿಂದ ನಾಲ್ಕು ದಿಕ್ಕಿನಿಂದಲೂ ಸಂದಿಗೆ ಒತ್ತಿ ತೀಡಬೇಕು. ಆಗ ಚಿತ್ರವೆಲ್ಲ ಕೆಸರಿನಲ್ಲಿ ಮುಳುಗಿದಂತೆ ಕಂಡು ಹೊಸಬರ ಎದೆ ಒಡೆಯುವುದುಂಟು. ಗಾಬರಿ ಬೇಡ. ಹದಿನೈದು ನಿಮಿಷ ತಾಳಿ, ಚೆನ್ನಾಗಿ ಹಿಂಡಿದ ಸ್ಪಂಜಿನಿಂದ ಮೆಲ್ಲನೆ ಒರಸಿ, ಕೊನೆಗೆ ಒಣಬಟ್ಟೆಯಿಂದ ತಿಕ್ಕಿದರೆ ಚಿತ್ರ ಮರಳಿ ಹೊರಬರುವುದು. ತೊಳೆದ ನೀರನ್ನು ಬಚ್ಚಲಿಗೆ ಸುರಿಯಬೇಡಿ. ಅದು ಕೊಳವೆಯಲ್ಲಿ ಕಲ್ಲಾಗುತ್ತದೆ. ಸಿಮೆಂಟು ಗಟ್ಟಿಯಾಗುವುದು ಒಣಗುವುದರಿಂದಲ್ಲ, ನೀರಿನೊಡನೆ ಕೂಡುವುದರಿಂದ. ಆದಕಾರಣ ಹಸಿಯಾದ ಕೆಲಸವನ್ನು ಬಿಸಿಲಿಗಿಡದೆ ನೆರಳಿನಲ್ಲಿಟ್ಟು, ಒಂದೆರಡು ದಿನ ಒದ್ದೆ ಬಟ್ಟೆಯನ್ನು ಮುಚ್ಚುವುದು ಮೇಲು. ಮರದ ಹಲಗೆಯಾದರೆ ಬಟ್ಟೆಯನ್ನು ಚೆನ್ನಾಗಿ ಹಿಂಡಿ, ತೇವ ಮಾತ್ರ ಉಳಿಸಿ ಮುಚ್ಚಬೇಕು.

ಸಂದಿನ ಗಾರೆಗೂ ಬಣ್ಣವುಂಟೆಂಬುದನ್ನು ಮರೆಯಬಾರದು. ಬಿಳಿಯ ಗಾರೆ ಚೂರುಗಳ ಬಣ್ಣವನ್ನು ತೆಳುವಾಗಿಸಿ, ಒಂದೊಂದನ್ನೂ ಬೇರೆಬೇರೆಯಾಗಿ ಒಡೆದು ತೋರಿಸುತ್ತದೆ. ಬೂದು ಅಥವಾ ಕಪ್ಪಿಗೆ ಹತ್ತಿರವಾದ ಗಾರೆ ಬಣ್ಣಗಳನ್ನು ಗಾಢವಾಗಿಸುತ್ತದೆ. ಒಂದೇ ಚಿತ್ರದ ಎರಡು ಚಿಕ್ಕ ಮಾದರಿಗಳನ್ನು ಮಾಡಿ, ಒಂದಕ್ಕೆ ಬಿಳಿಯನ್ನೂ ಇನ್ನೊಂದಕ್ಕೆ ಬೂದುಬಣ್ಣವನ್ನೂ ತುಂಬಿ ನೋಡಿದವರಿಗೆ, ಸಂದು ಚಿತ್ರದ ಗೆರೆಯೆಂದು ನಾನು ಹೇಳಿದ ಮಾತು ಬೇರೆ ವಿವರಣೆಯಿಲ್ಲದೆ ಮನದಟ್ಟಾಗುವುದು.

ಇದೆಲ್ಲವೂ ಕಲಾಶಾಲೆಯಲ್ಲಿ ಓದಿದವರ ಕೆಲಸ, ನಮ್ಮಂಥವರಿಗಲ್ಲ ಎಂದು ಯಾರಾದರೂ ಹಿಂಜರಿದರೆ ಅವರಿಗೆ ಚಂಡೀಗಢದ ನೇಕ್ ಚಂದ್ ಅವರ ನಿದರ್ಶನವನ್ನು ಹೇಳಬಹುದು. ಅವರು ಸರ್ಕಾರದ ರಸ್ತೆ ಇನ್ಸ್‌ಪೆಕ್ಟರಾಗಿದ್ದವರು. ಯಾವ ಕಲಾಶಾಲೆಯನ್ನೂ ಹೊಕ್ಕವರಲ್ಲ. ೧೯೫೦ರ ದಶಕದ ಕೊನೆಯಿಂದ ಅನೇಕ ವರ್ಷ ಯಾರಿಗೂ ತಿಳಿಯದಂತೆ, ಕಚೇರಿಯ ಕೆಲಸ ಮುಗಿದ ಮೇಲೆ, ಕಾಡಿನ ಮರೆಯಲ್ಲಿ ಜನರು ಬಿಸುಟ ಸಾಮಾನುಗಳನ್ನು ಕೂಡಿಹಾಕಿ ನೂರಾರು ಸಿಮೆಂಟಿನ ಮೂರ್ತಿಗಳನ್ನು ಮಾಡಿದರು. ಒಡೆದ ಬಳೆಯ ಚೂರುಗಳೂ ಪಿಂಗಾಣಿಯ ಚೂರುಗಳೂ ಆ ಮೂರ್ತಿಗಳಿಗೆ ಉಡುಪಾದವು. ಅಧಿಕಾರಿಗಳಿಗೆ ಸಂಗತಿ ತಿಳಿದಾಗ ಅದೆಲ್ಲವೂ ಅನುಮತಿಯಿಲ್ಲದ ಕಟ್ಟಡವೆನಿಸಿ ನೆಲಸಮವಾಗುವ ಪ್ರಸಂಗ ಬಂದಿತ್ತು. ಆದರೆ ೧೯೭೬ರಲ್ಲಿ ಅದು ರಾಕ್ ಗಾರ್ಡನ್ ಎಂಬ ಹೆಸರಿನಿಂದ ಸಾರ್ವಜನಿಕರಿಗೆ ತೆರೆಯಿತು. ೨೦೧೫ರಲ್ಲಿ ಅವರು ತೀರಿಕೊಂಡರು, ಮೂರ್ತಿಗಳು ನಿಂತಿವೆ.

ಅವರಷ್ಟು ಮಾಡಬೇಕೆಂದು ಯಾರನ್ನೂ ಕೇಳುತ್ತಿಲ್ಲ. ಹಗಲೆಲ್ಲ ಕಾಗದಪತ್ರಗಳ ನಡುವೆ ಕಳೆಯುವ ನಮಗೆ, ಮಾಡಿದ್ದು ಕೈಯಲ್ಲಿ ಉಳಿಯುವ ಕೆಲಸ ಅಪರೂಪವಾಗಿದೆ. ವಾರಕ್ಕೆ ಒಂದೆರಡು ಸಂಜೆ, ಅಂಗೈಯಗಲದ ಒಂದು ಹಲಗೆ, ನಾಲ್ಕು ಬಣ್ಣದ ಗಾಜು ಇಷ್ಟಿದ್ದರೆ ಪ್ರಾರಂಭಕ್ಕೆ ಅಡ್ಡಿಯಿಲ್ಲ. ಮೊದಲನೆಯ ಮೀನು ಸೊಟ್ಟಗಾದರೆ ಅದನ್ನು ಬಚ್ಚಿಡದೆ ಗೋಡೆಗೆ ತೂಗುಹಾಕಿ, ಅದರ ಸಂದುಗಳು ಎಲ್ಲಿ ದಾರಿತಪ್ಪಿವೆಯೆಂಬುದನ್ನು ದಿನವೂ ನೋಡುತ್ತಿರಿ. ಎರಡನೆಯ ಮೀನಿಗೆ ಅದಕ್ಕಿಂತ ಒಳ್ಳೆಯ ಗುರು ಸಿಕ್ಕುವುದಿಲ್ಲ.